ಸೀರೆ ಬಿಟ್ಟು ಕೈ ನೋಡಿದವರು

ವ್ಯಾಪಾರಕ್ಕೆ ಇಳಿದ ಮೇಲೆ ನಾನು ಮೊದಲು ಕಲಿತದ್ದು ಗಿರಾಕಿಯ ಕಣ್ಣು ನೋಡುವುದನ್ನು. ಬಾಯಿ ಬೇಡ ಬೇಡ ಅನ್ನುತ್ತಿರುತ್ತದೆ, ಕಣ್ಣು ಮಾತ್ರ ರಾಶಿಯ ನಡುವಿನ ಹಸಿರು ಸೀರೆಯ ಮೇಲೆ ಕೂತಿರುತ್ತದೆ. ಆ ಹಸಿರನ್ನು ತಟ್ಟನೆ ಎಳೆದು ತೋರಿಸಬಾರದು. ಅದರ ಮೇಲಿನದು ತೋರಿಸಿ, ಕೆಳಗಿನದು ತೋರಿಸಿ, ಅದೊಂದನ್ನೇ ಬಿಟ್ಟುಬಿಡಬೇಕು. ಆಗ ಅವರೇ ಬೆರಳು ಮಾಡಿ ಕೇಳುತ್ತಾರೆ. ತಾವಾಗಿ ಕೇಳಿದವರು ಹೆಚ್ಚು ಚೌಕಾಸಿ ಮಾಡುವುದಿಲ್ಲ.

ಉದಗೀರದ ಡಾಕ್ಟರಮ್ಮನ, ಆ ಕಡೆಯವರು ಡಾಕ್ಟರ್ ಬಾಯಿ ಅನ್ನುವವರ, ಮನೆಯಲ್ಲಿ ಈ ವಿದ್ಯೆ ಕೈಕೊಟ್ಟಿತು.

ನಮ್ಮ ಅಂಗಡಿ ಇದ್ದದ್ದು ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾದಲ್ಲಿ. ದಸರೆ ಹತ್ತಿರ ಬಂದಾಗ ಮಾತ್ರ ನಾನು ಗಂಟು ಕಟ್ಟಿಕೊಂಡು ನಿಲಂಗಾ, ಉದಗೀರದ ಕಡೆ ಬಸ್ಸಿನಲ್ಲಿ ಹೋಗಿ, ನೌಕರಿ ಮಾಡುವ ಹೆಂಗಸರ ಮನೆಯಲ್ಲೇ ಸೀರೆ ತೋರಿಸುತ್ತಿದ್ದೆ. ಆ ವರ್ಷ ಒಬ್ಬ ನರ್ಸ್, ನಮ್ಮ ಬಾಯಿ ಇಳಕಲ್ ಸೀರೆ ಕೇಳುತ್ತಿದ್ದಾರೆ ಎಂದು ನನ್ನನ್ನು ಕರೆದುಕೊಂಡು ಹೋದಳು. ಡಾಕ್ಟರ್ ಬಾಯಿಗೆ ಐವತ್ತು ದಾಟಿತ್ತು. ತವರು ಬೀದರದ ಕಡೆ. ಮರಾಠಿಯಲ್ಲಿ ರೋಗಿಗಳನ್ನು ಬೈಯುತ್ತಿದ್ದವರು ನನ್ನ ಕನ್ನಡ ಕೇಳಿದ್ದೇ ಮೆತ್ತಗಾದರು. ಚಾಪೆಯ ಮೇಲೆ ಸೀರೆ ಬಿಡಿಸಿದೆ, ಸೆರಗು ಹರಡಿದೆ, ದಡಿಯ ಮೇಲೆ ಬೆರಳು ಓಡಿಸಿ ನೇಯ್ಗೆ ಹೊಗಳಿದೆ. ಅವರ ಕಣ್ಣು ಸೀರೆಯ ಮೇಲಿರಲಿಲ್ಲ. ನನ್ನ ಬೆರಳ ಮೇಲಿತ್ತು, ಆಮೇಲೆ ಗದ್ದದ ಮೇಲೆ, ಆಮೇಲೆ ಹುಬ್ಬಿನ ಮೇಲೆ. ನಾನು ಅಂದುಕೊಂಡೆ, ಈಕೆ ಭಾರಿ ಪಳಗಿದ ಗಿರಾಕಿ, ಸೀರೆ ನೋಡಿದರೆ ದರ ಏರುತ್ತದೆಂದು ತಿಳಿದೇ ನೋಡುತ್ತಿಲ್ಲ. ಕೇಳುವ ಮೊದಲೇ ದರ ಸ್ವಲ್ಪ ಇಳಿಸಿದೆ. ಜೀವಮಾನದಲ್ಲಿ ನಾನು ಹಾಗೆ ಮಾಡಿದವಳಲ್ಲ.

“ಸೀರಿ ಆಮ್ಯಾಲ ನೋಡಮು. ಜರಾ ಕೈ ಕೊಡು ತಂಗಿ” ಅಂದರು.

“ಕೈಯಾಗ ಏನದರಿ ಬಾಯಾರ? ಭವಿಷ್ಯ ನೋಡ್ತೀರೇನು?”

“ಹಿಂದಿಂದು ನೋಡ್ತೀನಿ. ಮುಂದಿಂದು ನನಗ ತಿಳಿಯಂಗಿಲ್ಲ. ಉಂಗುರ ಎಲ್ಲದ?”

“ಬಿಗಿ ಆಯ್ತಂತ ಪತ್ತಾರ ಕಡದು ತೆಗದಾನ್ರಿ. ದುಕಾನದಾಗ ಕೂತು ಕೂತು ಮೈ ಬಂದದ.”

“ಮೈ ಬಂದ್ರ ಹೊಟ್ಟಿ ಬರ್ತದ. ಗದ್ದ ಹ್ಯಾಂಗ ಬಂತು? ಹಲ್ಲು ತೋರಸು.”

“ಬಾಯಾರ, ಎತ್ತು ಕೊಳ್ಳೋರು ಹಲ್ಲು ನೋಡ್ತಾರ, ಸೀರಿ ಕೊಳ್ಳೋರು ಅಲ್ಲ.”

ಅವರು ಗಟ್ಟಿಯಾಗಿ ನಕ್ಕರು. ನಕ್ಕರೂ ಹಲ್ಲು ನೋಡುವುದನ್ನು ಬಿಡಲಿಲ್ಲ. ಹಲ್ಲುಗಳ ನಡುವೆ ಸಂದು ಬಿದ್ದಿತ್ತು, ನಾಲಿಗೆ ದಪ್ಪವಾಗಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ನಾನು ಯೋಚನೆ ಮಾಡದೆ, “ಭೂಕಂಪ ಆದಾಗಿಂದ್ರಿ” ಅಂದೆ.

ಈ ಉತ್ತರ ನನ್ನೊಬ್ಬಳದಲ್ಲ. ನಮ್ಮ ಭಾಗದಲ್ಲಿ ತೊಂಬತ್ತಮೂರರ ಭೂಕಂಪದ ಮೇಲಿನ ಹತ್ತು ಹನ್ನೆರಡು ವರ್ಷ ಯಾರನ್ನು ಏನು ಕೇಳಿದರೂ ಬರುತ್ತಿದ್ದ ಮಾತು ಇದೇ. ಕಿವಿ ಮಂದವಾದರೆ ಭೂಕಂಪ, ಮುಟ್ಟು ನಿಂತರೆ ಭೂಕಂಪ, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಭೂಕಂಪ. ಮಾಕಣಿಯ ಆಚೆಗಿದ್ದ ನನ್ನ ಗಂಡನ ಊರಲ್ಲಿ ಕಲ್ಲಿನ ಮನೆ ಒಂದೂ ನಿಲ್ಲಲಿಲ್ಲ. ನಮ್ಮ ಮನೆಯವರೆಲ್ಲ ಬದುಕಿ ಉಳಿದೆವು. ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದ ನಾನು ಪರಿಹಾರದವರು ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ ಕೂತು ಅಳುವುದರ ಬದಲು ಸೀರೆಯ ಗಂಟು ಹೊತ್ತೆ. ಶೆಡ್ಡಿನಿಂದ ಶೆಡ್ಡಿಗೆ ತಿರುಗಿ ಮಾರಿದೆ. ಎಲ್ಲ ಕಳೆದುಕೊಂಡವರಿಗೂ ಉಡಲು ಬೇಕಲ್ಲ! ಅಲ್ಲಿಂದ ಉಮರ್ಗಾದ ಅಂಗಡಿಯ ತನಕ ಬಂದದ್ದು ನನ್ನ ಕಾಲಿನ ಮೇಲೆ, ನನ್ನ ನಾಲಿಗೆಯ ಮೇಲೆ. ಆ ವರ್ಷಗಳಲ್ಲಿ ನನ್ನ ಮುಖ ಬದಲಾಯಿತು. ಯಾರ ಮುಖ ಬದಲಾಗಿರಲಿಲ್ಲ? ಹೋಲಿಸಿ ನೋಡೋಣವೆಂದರೆ ಹಳೆಯ ಫೋಟೋಗಳೆಲ್ಲ ಮಣ್ಣಿನಡಿ ಹೋಗಿದ್ದವು. ದಿನವೂ ನೋಡುವವರಿಗೆ ಇಷ್ಟಿಷ್ಟೇ ಆಗುವ ಬದಲಾವಣೆ ಕಾಣುವುದಿಲ್ಲ. ತವರಿನವರು ಬಂದಾಗ ಗಾಬರಿಯಾಗಿ, ಪಾಪ, ಹೆದರಿಕೆ ಮೈಯೊಳಗೆ ಹೊಕ್ಕಿದೆ ಅನ್ನುತ್ತಿದ್ದರು.

ನನ್ನ ದನಿಯೂ ದಪ್ಪವಾಗಿತ್ತು. ಇದನ್ನು ಮುಚ್ಚಿಡುವುದು ಯಾಕೆ, ವ್ಯಾಪಾರಕ್ಕೆ ಅದು ಒಳ್ಳೆಯದೇ ಆಯಿತು. “ಇದಕ್ಕಿಂತ ಒಂದು ಪೈಸಾ ಕಮ್ಮಿ ಆಗಂಗಿಲ್ಲ” ಎಂದು ನಾನು ಅಂದರೆ ಗಂಡಸರೂ ರೊಕ್ಕ ಎಣಿಸುತ್ತಿದ್ದರು. ಗೊರಕೆಯದು ಬೇರೆ ಕಥೆ. ನಾದಿನಿಯ ಊರಲ್ಲಿ ಮಂದಿ ಸಿಮೆಂಟಿನ ಹೊಸ ಮನೆಗಳಿದ್ದರೂ ಅಂಜಿಕೊಂಡು ಮಗ್ಗುಲಿನ ಹಳೆಯ ಶೆಡ್ಡಿನಲ್ಲೇ ಮಲಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಲ್ಲಿ ಉಂಡು ಅಡ್ಡಾದೆ. ಎಚ್ಚರವಾದಾಗ ಪಕ್ಕದ ಶೆಡ್ಡಿನವರೆಲ್ಲ ಬಯಲಲ್ಲಿ ನಿಂತಿದ್ದಾರೆ. ತಗಡು ಗುಡುಗಿತು, ಮತ್ತೆ ಬಂತು ಭೂಕಂಪ ಎಂದು ಓಡಿದ್ದರಂತೆ. ನಾದಿನಿ ಸೆರಗು ಬಾಯಿಗೆ ಹಿಡಿದು, “ನಮ್ಮ ವೈನಿ ಮಲಗ್ಯಾಳ, ಒಳಗ ಬರ್ರಿ” ಎಂದು ಕರೆದಳಂತೆ. ನಾನೂ ನಕ್ಕೆ. ಇದೂ ಒಂದು ಬೇನೆಯ ಗುರುತು ಎಂದು ಯಾರಿಗೆ ಗೊತ್ತು?

ಡಾಕ್ಟರ್ ಬಾಯಿ ಮಾತ್ರ ನನ್ನ ಭೂಕಂಪವನ್ನು ಒಪ್ಪಲಿಲ್ಲ.

“ಶೆಡ್ಡಿನಾಗ ಇದ್ದಾಗ ಕಾಲಾಗ ಏನು ಹಾಕೋತಿದ್ದಿ?”

“ಪರಿಹಾರದ ಲಾರಿಯಾಗ ಚಪ್ಪಲ್ ಬಂದಿದ್ವು. ಎಲ್ಲಾ ಆರ ನಂಬರಿನವೇ. ಮಂದಿ ಜಗಳಾಡಿದ್ರು. ನನಗ ಬರೋಬ್ಬರಿ ಆದ್ವು.”

“ಎಷ್ಟು ದಿನ ಹಾಕೊಂಡಿ?”

“ಹರಿಯೋತನಕ. ಎರಡು ವರ್ಷ ಆಗಿರಬೇಕು.”

“ಈಗ ಬಾಗಲಾಗ ಬಿಟ್ಟು ಬಂದೀದಿ ನೋಡು, ಅವು ಯಾರವು?”

ಅವು ನನ್ನ ಗಂಡನವು. ಹೆಂಗಸರ ಚಪ್ಪಲಿ ಯಾವುದೂ ನನಗೆ ಆಗುತ್ತಿರಲಿಲ್ಲ.

“ಅಂದ್ರ ಭೂಕಂಪ ಆಗಿ ಎರಡು ವರ್ಷ ನೀ ಆರ ನಂಬರಿನಾಕಿ. ಅದು ನಿನ್ನ ಮನಿ ಕೆಡವ್ಯಾದ, ಖರೆ. ಕಾಲು ಬೆಳಸಿದ್ದು ಅದಲ್ಲ. ಮಾಡದ ಗುನ್ಹಾ ಅದರ ಮ್ಯಾಲ ಹಾಕಬ್ಯಾಡ. ನಾಳಿ ಮುಂಜಾನಿ ದವಾಖಾನಿಗೆ ಬಾ.”

ನಾನು ಇಷ್ಟು ವರ್ಷ ಮಂದಿಯೊಡನೆ ಚೌಕಾಸಿ ಮಾಡಿದ್ದೇನೆ, ಒಂದು ಜೋಡು ಚಪ್ಪಲಿ ಹಿಡಿದು ಇಷ್ಟು ದೊಡ್ಡ ಮಾತನ್ನು ಉರುಳಿಸಿದವರನ್ನು ನೋಡಿರಲಿಲ್ಲ. ಮರುದಿನ ಹೋದೆ.

ಅಲ್ಲಿಯ ತನಕ ನಾನು ಔಷಧ ಮಾಡಿಸಿರಲಿಲ್ಲವೆಂದಲ್ಲ. ನಿಲಂಗಾದಲ್ಲಿ ಸಕ್ಕರೆ ಬೇನೆಗೆ ದಿನಾ ನುಂಗುವ ಗೋಳಿ ನಡೆದಿತ್ತು, ಉಮರ್ಗಾದಲ್ಲಿ ಮೊಣಕಾಲಿಗೆ ಬೇರೆಯವರು, ಹಲ್ಲಿಗೆ ಮತ್ತೊಬ್ಬರು, ತಲೆನೋವಿಗೆ ನಾನೇ ಅಂಗಡಿಯಿಂದ ತಂದ ಗೋಳಿ. ಅವರವರ ಕೆಲಸ ಅವರವರು ಸರಿಯಾಗಿಯೇ ಮಾಡಿದರು. ಒಂದೇ ಸೀರೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಮಂದಿಗೆ ತೋರಿಸಿದ್ದವಳು ನಾನು. ಯಾರಿಗೆ ಪೂರ್ತಿ ಚಿತ್ತಾರ ಕಾಣಬೇಕು? ಓದುವವರಿಗೆ ಒಂದು ಮಾತು ಹೇಳುತ್ತೇನೆ. ಡಾಕ್ಟರ ಮುಂದೆ ಕೂತಾಗ ನೋಯುವುದನ್ನಷ್ಟೇ ಹೇಳಬೇಡಿ. ಉಂಗುರ ಬಿಗಿಯಾಯಿತೇ, ಬಳೆ ಏರುವುದಿಲ್ಲವೇ, ಬೆವರು ಹೆಚ್ಚಿತೇ, ಕೈ ಜೋಮು ಹಿಡಿಯುತ್ತದೆಯೇ, ಎಲ್ಲ ಹೇಳಿ. ಕೇಳದಿದ್ದರೂ ಹೇಳಿ.

ಬಾಯಿ ನನ್ನನ್ನು ಎದುರಿಗೆ ಕೂರಿಸಿ, ತಮ್ಮ ಮೂಗನ್ನೇ ನೋಡು, ಬೇರೆ ಕಡೆ ಕಣ್ಣು ತಿರುಗಿಸಬೇಡ ಅಂದರು. ಎರಡೂ ಕೈ ಅಗಲಿಸಿ ಬೆರಳು ಆಡಿಸಿದರು.

“ಕಾಣ್ತಾವೇನು?”

“ಏನ್ರಿ ಕಾಣೋದು?”

ಕೈಯನ್ನು ಮೆಲ್ಲನೆ ಒಳಗೆ ತಂದರು. ಬಹಳ ಒಳಗೆ ಬಂದ ಮೇಲೆ ನನಗೆ ಬೆರಳು ಕಂಡವು. ಜಟಕಾ ಕುದುರೆಗೆ ಕಣ್ಣಿನ ಪಕ್ಕ ಪಟ್ಟಿ ಕಟ್ಟುತ್ತಾರಲ್ಲ, ಹಾಗೆ ನಾನು ನಡೆಯುತ್ತಿದ್ದೆ. ಬಾಗಿಲ ಚೌಕಟ್ಟಿಗೆ ಹೆಗಲು ತಾಗುತ್ತಿದ್ದದ್ದು, ಬಜಾರಿನಲ್ಲಿ ಮೋಟಾರ್ ಸೈಕಲ್ಲುಗಳು ಎಲ್ಲಿಂದಲೋ ಉದುರಿದಂತೆ ಪಕ್ಕದಲ್ಲಿ ಬರುತ್ತಿದ್ದದ್ದು, ಪಕ್ಕದಲ್ಲಿ ಕೂತ ಗಿರಾಕಿಯನ್ನು ಮಾತಾಡಿಸಲಿಲ್ಲವೆಂದು ಬೈಸಿಕೊಂಡದ್ದು, ಎಲ್ಲ ಒಮ್ಮೆಗೇ ತಿಳಿಯಿತು.

ಅವರು ಬೇನೆಯ ಹೆಸರು ಹೇಳಿದರು, ಅಕ್ರೋಮೆಗಲಿ. ನಾನು ಮುಖ ನೋಡುತ್ತಲೇ ಇದ್ದದ್ದು ಕಂಡು ಬಿಡಿಸಿ ಹೇಳಿದರು. “ತಲಿ ಒಳಗ, ಮೂಗಿನ ಹಿಂದ, ಕಡ್ಲಿಕಾಳಿನಷ್ಟು ಒಂದು ಗ್ರಂಥಿ ಇರ್ತದ. ಕೂಸು ಬೆಳೀಲಿ ಅಂತ ಅದು ಒಂದು ರಸ ಬಿಡ್ತದ. ನೀ ಬೆಳದು ನಿಂತ ಮ್ಯಾಲೂ ನಿಂದು ಬಿಡ್ಲತದ. ಅದರಾಗ ಒಂದು ಗಂಟು ಆಗ್ಯಾದಂತ ನನ್ನ ಅಂದಾಜು. ಅದು ಕ್ಯಾನ್ಸರ್ ಅಲ್ಲ, ಅಂಜಬ್ಯಾಡ. ಖರೆ ಅದರ ಮ್ಯಾಲೇ ಕಣ್ಣಿನ ನರ ಹಾದದ. ಗಂಟು ಬೆಳೀತಾ ಅದನ್ನ ಒತ್ಲತದ. ಪರೀಕ್ಷಾ ಮಾಡಮು, ಆಮ್ಯಾಲ ಬಹುಶಃ ಆಪರೇಶನ್.”

ನಾನು ಕೂಡಲೇ ಅಂಗಡಿಯ ಗಾದಿಯ ಮೇಲೆ ಚೌಕಾಸಿಗೆ ಕೂತವಳಂತಾದೆ. “ಲಗ್ನಸರಾಯಿ ಮುಗೀಲಿ ಬಾಯಾರ. ಮದುವಿ ಸೀರಿ ಮಾರೋ ಕಾಲ ಬರ್ಲತದ. ಅಲ್ಲೀತನಕ ಗೋಳಿ ಕೊಡ್ರಿ.”

“ಗೋಳಿ ಅವ. ಆದ್ರ ಒತ್ತಿದ ಕಣ್ಣು ಕಾಯಂಗಿಲ್ಲ.”

“ಬ್ಯಾಸಗಿ ತನಕ? ಹೋಗಲಿ, ಸಂಕ್ರಾಂತಿ ತನಕ?”

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಆಯ್ತು, ವ್ಯಾಪಾರನೇ ಮಾಡಮು. ಎರಡು ಕಣ್ಣು ಅವ. ಸಂಕ್ರಾಂತಿ ತನಕ ಕಾಯಲಿಕ್ಕ ಯಾವುದು ಬಿಡ್ತಿ ಹೇಳು.”

ನಾನೇ ಆ ಪೆನ್ನು ಎತ್ತಿ ಅವರ ಕೈಗೆ ಕೊಟ್ಟೆ. ಅಂಥ ಮಾತನ್ನು ಆಡಿಯೂ ಅವರ ದನಿ ಏರಿರಲಿಲ್ಲ. ಗಿರಾಕಿಯನ್ನು ಹೆದರಿಸದೆ ಸರಿದಾರಿಗೆ ತರುವುದು ಎಂಥ ಕಷ್ಟವೆಂದು ಬಲ್ಲವಳಾದ್ದರಿಂದ ನನಗೆ ಆ ಕ್ಷಣದಲ್ಲೂ ಅವರ ಮೇಲೆ ಬೆರಗಾಯಿತು.

ಮೊದಲು ರಕ್ತದ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಹೋಗಿ, ಲೋಟದ ತುಂಬ ಗ್ಲೂಕೋಸ್ ನೀರು ಕುಡಿದು, ಮತ್ತೆ ಮತ್ತೆ ರಕ್ತ ಕೊಡಬೇಕು. ಸರಿಯಿದ್ದವರಲ್ಲಿ ಆ ಸಿಹಿಗೆ ಬೆಳವಣಿಗೆಯ ರಸ ತಗ್ಗುತ್ತದಂತೆ, ನನ್ನದು ತಗ್ಗಲಿಲ್ಲ. ಆಮೇಲೆ ಸೊಲ್ಲಾಪುರಕ್ಕೆ ಹೋಗಿ ತಲೆಯ ಎಂ.ಆರ್.ಐ. ಮಾಡಿಸಬೇಕು. ಮೈಮೇಲೆ ಒಂದು ಚೂರು ಲೋಹ ಇರಬಾರದು. ಬಿಗಿಯಾದ ಕಾಲುಂಗುರ ಕಡಿಸಿದೆ, ತಾಳಿ ತೆಗೆದೆ, ತಗಡಿನ ಮಿನುಗು ಹಚ್ಚಿದ ಬಳೆ ಇಳಿಯದ್ದಕ್ಕೆ ಒಡೆದೆ. ಅಲ್ಲಿಯ ತಂತ್ರಜ್ಞ ನನ್ನ ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೋರಿಸಿ ಅದನ್ನೂ ತೆಗೆಯಿರಿ ಅಂದ.

ಅದರೊಳಗೆ ನನ್ನ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು. ಭೂಕಂಪದ ದಿನ ತಾಳಿಯ ಜೊತೆ ಮೈಮೇಲೆ ಉಳಿದದ್ದು ಅದೊಂದೇ. ಲಿಂಗ ದೇಹ ಬಿಡಬಾರದು ಎಂದು ನಮ್ಮಲ್ಲಿ ಎಷ್ಟು ಕಟ್ಟುನಿಟ್ಟು ಎಂಬುದನ್ನು ಬೇರೆಯವರಿಗೆ ಹೇಳುವುದು ಕಷ್ಟ. ಕರಡಿಗೆ ತೆಗೆದು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತೇನೆ ಅಂದೆ. ಲಿಂಗಕ್ಕೆ ಹಚ್ಚಿದ ಕಪ್ಪು ಕಂತಿಯ ಲೇಪದೊಳಗೆ ಏನು ಕಲಸಿದ್ದಾರೋ ತನಗೆ ಗೊತ್ತಿಲ್ಲ, ಯಂತ್ರ ಎಳೆದುಕೊಂಡರೆ ಯಾರು ಹೊಣೆ ಎಂದು ಅವನು ಒಪ್ಪಲಿಲ್ಲ. ಅವನ ಮಾತು ಸರಿಯೇ. ಹಾಗಾದರೆ ಯಂತ್ರವೇ ಬೇಡವೆಂದು ನಾನು ಎದ್ದೆ.

ನನ್ನ ಗಂಡ ಮಾತು ಕಡಿಮೆಯವರು. ಅಂಗಡಿಯಲ್ಲೂ ಬಟ್ಟೆ ಅಳೆಯುವುದು ಅವರದು, ಮಾತು ನನ್ನದು. ಗೋಡೆಗೆ ಆತು ನಿಂತಿದ್ದವರು ಮುಂದೆ ಬಂದರು.

“ಪೂಜಾ ಮಾಡುವಾಗ ಲಿಂಗ ಎಲ್ಲಿರ್ತದ?”

“ಎಡಗೈಯಾಗ.”

“ಹೌದಿಲ್ಲೋ. ನನ್ನ ಎಡಗೈಯಾಗ ಕೊಡು. ನೀ ಹೊರಗ ಬರೋತನಕ ಪೂಜಾ ನಡದದ ಅಂತ ತಿಳಕೋ. ನಿನ್ನ ದೇಹ ಬ್ಯಾರಿ, ನನ್ನ ದೇಹ ಬ್ಯಾರಿ ಅಂತ ಯಾರು ಹೇಳ್ತಾರ ನೋಡಮು.”

ತಂತ್ರಜ್ಞ ಬಾಗಿಲು ತೆರೆದ. ಒಳಗೆ ತಗಡು ಬಡಿದಂಥ ಸದ್ದು, ಮುಖದ ಮುಂದೆಯೇ ಛಾವಣಿ. ಬೇರೆ ದಿನವಾಗಿದ್ದರೆ ಎದ್ದು ಓಡುತ್ತಿದ್ದೆ. ಹೊರಗೆ ಬಂದಾಗ ಅವರು ಅದೇ ಜಾಗದಲ್ಲಿ, ಎಡ ಅಂಗೈ ಎದೆಮಟ್ಟಕ್ಕೆ ಹಿಡಿದು, ದೃಷ್ಟಿ ಅದರ ಮೇಲಿಟ್ಟು ನಿಂತಿದ್ದರು. ಕುರ್ಚಿ ಖಾಲಿಯಿತ್ತು, ಕೂತಿರಲಿಲ್ಲ. ಅತ್ತೆಗೆ ಈ ಸಂಗತಿ ಗೊತ್ತಾದಾಗ ಏನನ್ನುತ್ತಾರೋ ಎಂದು ನಾನು ಹೆದರಿದ್ದೆ. ಅವರು ಮಗನ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು, ಅಷ್ಟೇ.

ಚಿತ್ರದಲ್ಲಿ ಗಂಟು ಕಂಡಿತು. ಆಪರೇಶನ್ ಹೈದರಾಬಾದಿನಲ್ಲಿ. ಹಣ ಹೇಗೆ ಕೂಡಿತೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ದೊಡ್ಡ ಸಂಗತಿಯಲ್ಲ. ದೊಡ್ಡ ಸಂಗತಿಯೆಂದರೆ ತಲೆಬುರುಡೆ ಕೊರೆಯದೆ ಮೂಗಿನ ಹೊಳ್ಳೆಯೊಳಗಿಂದಲೇ ಹೋಗಿ ಗಂಟು ತೆಗೆದದ್ದು. ನಾನು ಸರ್ಜನ್ನರನ್ನು ದಖನಿ ಉರ್ದುವಿನಲ್ಲಿ, ಅಷ್ಟು ಸಣ್ಣ ಸಂದಿಯಲ್ಲಿ ಕೈ ಹೇಗೆ ಹೋಗುತ್ತದೆ ಎಂದು ಕೇಳಿದೆ. ಸೂಜಿಯ ಕಣ್ಣಿನಲ್ಲಿ ನೀವು ದಾರ ಹಾಕುವುದಿಲ್ಲವೇ ಅಂದರು ಅವರು. ಮೂಗಿಗೆ ಬತ್ತಿ ತುರುಕಿದ್ದರಿಂದ ಬಾಯಿಯಿಂದ ಉಸಿರಾಡುತ್ತ ಒಂದೆರಡು ದಿನ ಕಷ್ಟಪಟ್ಟೆ. ಆಮೇಲೆ ಒಂದು ಮುಂಜಾನೆ ಕೈ ಮಡಿಸಿದರೆ ಬೆರಳು ಸಡಿಲ, ಬೆವರಿಲ್ಲ, ವರ್ಷಗಳಿಂದ ಹಣೆಯಲ್ಲಿ ಕೂತಿದ್ದ ನೋವಿಲ್ಲ.

ಆದರೆ ಗಂಟು ಪೂರ್ತಿ ಬಂದಿರಲಿಲ್ಲ. ಕಣ್ಣಿನ ನರ ಒತ್ತುತ್ತಿದ್ದ ಭಾಗ ತೆಗೆದಿದ್ದರು, ದೊಡ್ಡ ರಕ್ತನಾಳಕ್ಕೆ ಅಂಟಿದ ಚೂರನ್ನು ಬಿಟ್ಟಿದ್ದರು. ಅದನ್ನು ಕೆರೆಯಲು ಹೋಗಿದ್ದರೆ ಜೀವಕ್ಕೇ ಕುತ್ತು. ರಕ್ತದ ಪರೀಕ್ಷೆಯಲ್ಲಿ ರಸ ಇನ್ನೂ ಹೆಚ್ಚೇ ಬಂತು. ಉದಗೀರಕ್ಕೆ ಬಂದು ನಾನು ಅತ್ತುಬಿಟ್ಟೆ. ಬಾಯಿ ನನ್ನನ್ನು ಅಳಲು ಬಿಟ್ಟರು. ಆಮೇಲೆ, “ಕಳ್ಳ ಒಳಗ ಒಬ್ಬನೇ ಉಳದಾನ. ಹೊರಗ ಹಾಕಲಿಕ್ಕಾಗಂಗಿಲ್ಲ ಅಂದ್ರ ಕೈಕಾಲು ಕಟ್ಟಿ ಇಡಮು” ಎಂದು ತಿಂಗಳಿಗೊಂದು ಸೂಜಿ ಬರೆದರು.

ಆ ಸೂಜಿಮದ್ದನ್ನು ಸೊಲ್ಲಾಪುರದಿಂದ ತಣ್ಣಗೆ ತರಬೇಕು, ಆದರೆ ಹೆಪ್ಪುಗಟ್ಟಬಾರದು. ಇದನ್ನು ತರಬೇಕಾದವರಿಗೆ ಹೇಳುತ್ತೇನೆ. ಅಗಲ ಬಾಯಿಯ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ, ಮೇಲೆ ಟವೆಲು ಮಡಿಸಿ ಇಟ್ಟು, ಅದರ ಮೇಲೆ ಮದ್ದಿನ ಪೆಟ್ಟಿಗೆ ಇಡಿ. ಮಂಜುಗಡ್ಡೆಗೆ ಮದ್ದು ತಾಗಬಾರದು. ಬಸ್ಸಿನಲ್ಲಿ ಇಂಜಿನ್ನಿನ ಹತ್ತಿರ ಕೂರಬೇಡಿ. ನಾನು ಥರ್ಮಾಸನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದದ್ದು ನೋಡಿ ಕಂಡಕ್ಟರ್, “ಕಾಯ್ ಮಾವಶಿ, ಕುಲ್ಫಿ ಆಹೆ ಕಾ?”, ಕುಲ್ಫಿಯೇನು ಚಿಕ್ಕಮ್ಮ ಎಂದು ಮರಾಠಿಯಲ್ಲಿ ಕೆಣಕುತ್ತಿದ್ದ. “ಹೋಯ್, ತುಲಾ ಪಚಣಾರ್ ನಾಹೀ” ಅನ್ನುತ್ತಿದ್ದೆ. ನಿನಗೆ ಅರಗುವುದಲ್ಲ ಎಂದು. ಬಸ್ಸೆಲ್ಲ ನಗುತ್ತಿತ್ತು.

ಬಾಯಿ ಮದ್ದು ಬರೆದು ಕೈಬಿಡಲಿಲ್ಲ. ಸಕ್ಕರೆ, ಹೃದಯ, ಕರುಳು, ನಿದ್ದೆಯಲ್ಲಿ ಉಸಿರು, ಒಂದೊಂದನ್ನೂ ಸರದಿಯ ಮೇಲೆ ನೋಡಿಸಿದರು. ಸಕ್ಕರೆಯ ಗೋಳಿ ಅರ್ಧಕ್ಕೆ ಇಳಿಯಿತು. ಹೋಗುವುದು ತಡವಾದರೆ ನರ್ಸಿನ ಕಡೆಯಿಂದ ಅಂಗಡಿಗೆ ಫೋನು. ಊರಿನವರು, ಮಾರಿ ಇಳದದ, ಇನ್ನ ಯಾಕ ಸೂಜಿ ಅನ್ನುತ್ತಿದ್ದರು. ಮುಖದ ಬಾವು ಇಳಿದಿತ್ತು ನಿಜ, ಬೆಳೆದ ಎಲುಬು ಹಿಂದೆ ಹೋಗುವುದಿಲ್ಲ. ಅದನ್ನೂ ಬಾಯಿ ಮೊದಲೇ ಹೇಳಿದ್ದರು. ಸುಳ್ಳು ಆಸೆ ತೋರಿಸಿ ಮಾಲು ಮಾರುವವರಲ್ಲ ಅವರು. ಗದ್ದ ಇದ್ದ ಹಾಗೇ ಉಳಿಯಿತು, ದನಿಯೂ ಉಳಿಯಿತು. ದನಿ ಉಳಿದದ್ದಕ್ಕೆ ನನ್ನ ತಕರಾರಿಲ್ಲ.

ಎಲ್ಲಕ್ಕಿಂತ ನನಗೆ ಬೇಕಾಗಿದ್ದದ್ದು ಕಣ್ಣು. ಅದರ ತೀರ್ಮಾನ ಗೊತ್ತಾಗಲು ತಿಂಗಳುಗಳು ಹಿಡಿದವು. ಕಣ್ಣಿನ ಯಂತ್ರದ ಮುಂದೆ ಕೂತು, ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತಿ ಬಂದ ದಿನ ಬಾಯಿ ಆಪರೇಶನ್ನಿಗೆ ಮೊದಲು ಇದೇ ಯಂತ್ರದಲ್ಲಿ ತೆಗೆದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟರು. ಹಳೆಯದರಲ್ಲಿ ಎರಡೂ ಬದಿ ಕಪ್ಪು. ಹೊಸದರಲ್ಲಿ ಎಡಗಡೆ ಪೂರ್ತಿ ಬೆಳಗಾಗಿತ್ತು. ಬಲಗಡೆಯ ಅಂಚಿನಲ್ಲಿ ಒಂದು ಕಪ್ಪು ಮೂಲೆ ಉಳಿದಿತ್ತು.

“ಇದೂ ಹೋಗ್ತದೇನ್ರಿ?”

“ಹೋಗಂಗಿಲ್ಲ ಅನ್ನಿಸ್ತದ. ಖರೆ ಹೆಚ್ಚಾಗಲಿಕ್ಕ ಬಿಡಂಗಿಲ್ಲ. ದುಕಾನದಾಗ ನೀ ಕೂತ್ರ ಬಾಗಲು ಯಾ ಕಡಿ ಬರ್ತದ?”

“ಬಲಕ.”

“ಗಾದಿ ತಿರುವು. ಬಾಗಲು ಎಡಕ ಬರಬೇಕು. ಇದಕ್ಕ ಮತ್ತ ಸಂಕ್ರಾಂತಿ ತನಕ ಕಾಯಬ್ಯಾಡ.”

ಅಂಗಡಿಯ ಗಾದಿ ಅತ್ತೆ ಸ್ವಾಮಿಗಳನ್ನು ಕರೆಸಿ, ದಿಕ್ಕು ಕೇಳಿ ಹಾಕಿಸಿದ್ದು. ಅಲುಗಿಸಿದರೆ ಲಕ್ಷ್ಮೀ ಹೋಗುತ್ತಾಳೆ ಎಂದು ಅವರು ತಡೆದರು. “ಯವ್ವಾ, ಬಂದ ಲಕ್ಷ್ಮೀ ಇಕಿಗಿ ಕಾಣಬೇಕಲ್ಲ” ಎಂದು ನನ್ನ ಗಂಡ ಗಾದಿಯ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಕಪಾಟು ಸರಿಸಿದೆವು, ಅಳತೆ ಕೋಲಿನ ಮೊಳೆ ಬದಲಿಸಿದೆವು. ಕಸ ಗುಡಿಸಿ ಕೂತು ಎರಡು ನಿಮಿಷವಾಗಿರಲಿಲ್ಲ. ಎಡಗಣ್ಣಿನ ಅಂಚಿನಲ್ಲಿ, ಬಜಾರಿನ ಬೆಳಕಿನಿಂದ ದಾಳಿಂಬ ಎಂಬ ಹಳ್ಳಿಯ ಕಡೆಯ ಹೆಂಗಸೊಬ್ಬಳು ಮಗಳೊಡನೆ ನಮ್ಮ ಮೆಟ್ಟಿಲ ಹತ್ತಿರ ಬರುತ್ತಿದ್ದಳು. ಅವಳು ಇನ್ನೂ ಎದುರಿನ ಅಂಗಡಿಯ ಕಡೆಗೂ ನಮ್ಮ ಕಡೆಗೂ ನೋಡುತ್ತ ಮನಸ್ಸು ಮಾಡುತ್ತಿರುವಾಗಲೇ ನಾನು, “ಬಾ ತಂಗಿ, ಮದುವಿ ಸೀರಿ ಏನು?” ಎಂದು ಕರೆದೆ. ಕುತ್ತಿಗೆ ತಿರುಗಿಸಿರಲಿಲ್ಲ.